ಒಂದಕ್ಷರಕ್ಕೆ ಇಳಿದ ಮನೆತನದ ಹೆಸರುಗಳು

ಮನೆತನದ ಹೆಸರುಗಳ ಅಧ್ಯಯನವೆಂದೊಡನೆ ಇಂಗ್ಲೆಂಡಿಗೆ ಬಂದ ನಾರ್ಮನ್ ವಂಶಗಳ ನಿದರ್ಶನವನ್ನು ಕೊಡುವುದು ರೂಢಿ. 1066ರ ವಿಜಯದ ಬೆನ್ನಿಗೆ ಕಡಲು ದಾಟಿದ ಸರದಾರರು ತಮ್ಮ ಊರಿನ ಹೆಸರನ್ನೂ ಜೊತೆಗೆ ಒಯ್ದರು. ನಾರ್ಮಂಡಿಯ ಬ್ರಿ ಎಂಬ ಊರಿನ ಹೆಸರೇ ‘ಬ್ರೂಸ್’ ಆಯಿತು; 1306ರಲ್ಲಿ ಸ್ಕಾಟ್ಲೆಂಡಿನ ಪಟ್ಟವೇರಿದ ರಾಬರ್ಟ್ ಆ ವಂಶದವನು. 1086ರ ಡೂಮ್ಸ್‌ಡೇ ಭೂದಾಖಲೆಯಂತಹ ಆಕರಗಳಿರುವುದರಿಂದ ಅಲ್ಲಿನ ವಿದ್ವಾಂಸರು ಇಂತಹ ಹೆಸರುಗಳ ಬೆನ್ನುಹತ್ತಿ ಒಂಬೈನೂರು ವರ್ಷ ಹಿಂದೆ ಹೋಗಬಲ್ಲರು. ನಮ್ಮಲ್ಲಿ ಆಕರಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಆಸಕ್ತಿಗೆ.

ಅಡ್ಡಹೆಸರು ಉತ್ತರ ಕರ್ನಾಟಕದ ಸೊತ್ತು, ಹಳೆಯ ಮೈಸೂರಿನವರಿಗೆ ಇರುವುದು ಇನಿಷಿಯಲ್ ಮಾತ್ರ ಎಂಬ ತಿಳಿವಳಿಕೆ ನಮ್ಮ ತರಗತಿಗಳಲ್ಲಿಯೂ ಪ್ರಚಲಿತವಾಗಿದೆ. ಇದು ಅರ್ಧಸತ್ಯ. ಸವಣೂರಿನಲ್ಲಿ ಹುಟ್ಟಿದ ವಿನಾಯಕರಿಗೆ ‘ಗೋಕಾಕ’ ಕೊನೆಗೆ ಬಂದರೆ, ಪುಟ್ಟಪ್ಪನವರಿಗೆ ‘ಕುಪ್ಪಳಿ’ ಮೊದಲಿಗೆ ಬಂದಿತು. ಎರಡೂ ಊರಿನ ಹೆಸರುಗಳೇ. ಒಂದು ಪೂರ್ಣವಾಗಿ ಉಳಿಯಿತು, ಇನ್ನೊಂದು ‘ಕೆ’ ಆಯಿತು. ಜಿ.ಎಸ್. ಶಿವರುದ್ರಪ್ಪನವರ ‘ಜಿ’ಯೊಳಗೆ ‘ಗುಗ್ಗರಿ’ ಇದೆ ಎಂಬುದು ಅವರ ಕಾವ್ಯವನ್ನು ಬೋಧಿಸುವವರಲ್ಲಿಯೂ ಎಷ್ಟು ಮಂದಿಗೆ ನೆನಪಿದೆ?

ಕುತೂಹಲದ ಸಂಗತಿಯೆಂದರೆ, ಈ ಎರಡು ಕ್ರಮಗಳೂ ಹಳೆಯ ಶಿವಮೊಗ್ಗ ಜಿಲ್ಲೆಯೊಳಗೇ ಎದುರುಬದುರಾಗುತ್ತವೆ. ಶಿಕಾರಿಪುರದ ಗುಗ್ಗರಿ ಶಾಂತವೀರಪ್ಪ ಶಿವರುದ್ರಪ್ಪನವರಲ್ಲಿ ಮನೆತನ, ತಂದೆ, ತಾನು ಎಂಬ ಕ್ರಮವಿದ್ದರೆ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜಯದೇವಪ್ಪ ಹಾಲಪ್ಪ ಪಟೇಲರಲ್ಲಿ ತಾನು, ತಂದೆ, ಮನೆತನ ಎಂಬ ಕ್ರಮವಿದೆ. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಜೆ.ಎಚ್. ಪಟೇಲರನ್ನು ಹೆಸರು ಮಾತ್ರ ಕೇಳಿದ ಹೊರನಾಡಿನವರು ಗುಜರಾತಿನವರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಪಟೇಲ ಎಂಬುದು ಜಾತಿಯಲ್ಲ, ಹುದ್ದೆ. ಪಶ್ಚಿಮ ಹಾಗೂ ಮಧ್ಯಭಾರತದ ಶಾಸನಗಳ ‘ಪಟ್ಟಕಿಲ’ದಿಂದ ಇಳಿದುಬಂದ ಈ ಪದವು ಮುಂಬಯಿ ಕರ್ನಾಟಕದಲ್ಲಿ ಪಾಟೀಲವಾಗಿ, ಮೈಸೂರಿನ ಕಂದಾಯ ವ್ಯವಸ್ಥೆಯಲ್ಲಿ ಪಟೇಲವಾಗಿ ನೆಲೆಯೂರಿತು. ನಮ್ಮ ಶಾಸನಗಳ ಗಾವುಂಡ ಇದ್ದ ಎಡೆಯಲ್ಲಿ ಕಾಲಾಂತರದಲ್ಲಿ ಪಟೇಲ ಬಂದು ಕುಳಿತ. ಸೇನಬೋವ ಶಾನುಭೋಗನಾದದ್ದೂ ಇದೇ ಹಾದಿಯ ಕಥೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಹುದ್ದೆಯನ್ನು ತೆಗೆಯಿತು, ಹೆಸರನ್ನು ತೆಗೆಯಲಾಗಲಿಲ್ಲ.

ಚನ್ನಗಿರಿ ತಾಲ್ಲೂಕಿನದೇ ಆದ ಕೆರೆಬಿಳಚಿಯನ್ನು ಈ ದೃಷ್ಟಿಯಿಂದ ನೋಡಬೇಕೆಂಬುದು ನನ್ನ ಆಗ್ರಹ. ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯ ಸೀಮೆಯ ಈ ಊರಿನಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇಲ್ಲಿನ ಒಬ್ಬ ವಿದ್ಯಾರ್ಥಿಯ ಹೆಸರಿನ ಹಿಂದೆ ‘ಕೆ’ ಎಂದಿದ್ದರೆ ಅದು ಊರೇ, ತಂದೆ ಕರಿಬಸಪ್ಪನವರೇ, ಖಾದರ್ ಸಾಹೇಬರೇ ಅಥವಾ ಮನೆತನವೇ? ಮನೆಯವರನ್ನು ಕೇಳದೆ ಹೇಳುವಂತಿಲ್ಲ. ಪಾಸ್‌ಪೋರ್ಟ್ ಅರ್ಜಿಯ ‘ಸರ್‌ನೇಮ್’ ಅಂಕಣವನ್ನು ತುಂಬಬೇಕಾಗಿ ಬಂದಾಗ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ತೋಚಿದಂತೆ ಬರೆಯುತ್ತಾರೆ. ಮುಂದಿನ ತಲೆಮಾರಿಗೆ ಅದೇ ಕುಲನಾಮವಾಗಿ ದಾಟುತ್ತದೆ. ಹೊಸ ಹೆಸರುಗಳು ಹುಟ್ಟುವುದಕ್ಕೆ ನನ್ನ ಆಕ್ಷೇಪವಿಲ್ಲ. ಹಳೆಯವು ದಾಖಲಾಗದೆ ಹೋಗುತ್ತಿರುವುದೇ ಚಿಂತೆಯ ವಿಷಯ.

ನಾಮಾಧ್ಯಯನದಲ್ಲಿ ನಾವು ಮುಸ್ಲಿಂ ಮನೆತನಗಳನ್ನು ಬಹುಮಟ್ಟಿಗೆ ಬದಿಗಿರಿಸಿದ್ದೇವೆ ಎಂಬ ಮಾತನ್ನೂ ಹೇಳಲೇಬೇಕು. ಹತ್ತಿ ಹಿಂಜುವ ಕಸುಬಿನ ನದಾಫ, ಹಣ್ಣು ಮಾರುವ ಬಾಗವಾನ ಇವು ಅನ್ಯಭಾಷೆಯಿಂದ ಬಂದು ಕನ್ನಡದ ಸಂತೆಯಲ್ಲಿ ನೆಲೆನಿಂತ ಹೆಸರುಗಳು. ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡ ರಹಮತ್ ತರೀಕೆರೆ ಅವರಂತಹ ನಿದರ್ಶನ ಕಣ್ಣೆದುರಿಗಿದೆ. ನಾರ್ಮನ್ನರ ಕ್ರಮಕ್ಕೂ ಇದಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ.

ಶಂಬಾ ಜೋಶಿ ಸ್ಥಳನಾಮಗಳಿಂದ ನಾಡಿನ ಕಥೆಯನ್ನು ಬಿಡಿಸಹೊರಟರು, ಎಂ.ಎಂ. ಕಲಬುರ್ಗಿಯವರು ನಾಮವಿಜ್ಞಾನಕ್ಕೆ ಶಿಸ್ತಿನ ಚೌಕಟ್ಟನ್ನು ಒದಗಿಸಿದರು. ಆ ಶಿಸ್ತನ್ನು ಮರೆತು ‘ಬಿಳಚಿ’ ಎಂದೊಡನೆ ಬಿಳಿಯ ಬಣ್ಣಕ್ಕೆ ಗಂಟುಹಾಕುವ ಆತುರ ಬೇಡ. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಚನ್ನಗಿರಿ ತಾಲ್ಲೂಕಿನ ಶಾಸನಗಳಿವೆ. ಹಳೆಯ ರೂಪಗಳನ್ನು ಅಲ್ಲಿ ಹುಡುಕಿ, ಶಾಲೆಗಳ ಹಳೆಯ ದಾಖಲಾತಿ ಪುಸ್ತಕ, ಮನೆಗಳಲ್ಲಿರುವ ಕ್ರಯಪತ್ರಗಳೊಡನೆ ಹೋಲಿಸಿದ ಮೇಲೆ ನಿಷ್ಪತ್ತಿಯ ಮಾತು. ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಪ್ರತಿವರ್ಷ ಜಾನಪದ ಕ್ಷೇತ್ರಕಾರ್ಯಕ್ಕೆ ಕಳುಹಿಸುತ್ತೇವೆ. ಅವರ ಪ್ರಶ್ನಾವಳಿಯಲ್ಲಿ ಮಾಹಿತಿದಾರರ ಹೆಸರಿನ ಕೆಳಗೆ ಒಂದು ಸಾಲು ಸೇರಿಸಬಹುದು: ಇನಿಷಿಯಲ್ಲಿನ ಪೂರ್ಣರೂಪ, ಅದನ್ನು ಮನೆಯ ಹಿರಿಯರು ಉಚ್ಚರಿಸುವಂತೆಯೇ.