ಸೂಪರ್‌ಮ್ಯಾನ್‌ಗೆ ಜಯಕಾರ, ಜಿಮ್ಮಿಗೆ ಅಲಕ್ಷ್ಯ

ಅಂಗವೈಕಲ್ಯವನ್ನು ಹಾಸ್ಯದ ವಸ್ತುವಾಗಿಸುವುದು ಸರಿಯೇ? ಅಮೆರಿಕದ ‘ಸೌತ್ ಪಾರ್ಕ್’ ಆ್ಯನಿಮೇಷನ್ ಸರಣಿಯಲ್ಲಿ 2003ರ ಮಾರ್ಚ್‌ನಲ್ಲಿ ಪ್ರಸಾರವಾದ ‘ಕ್ರೇಜಿ ಕ್ರಿಪಲ್ಸ್’ ಕಂತು ಈ ಪ್ರಶ್ನೆಯನ್ನು ಕೆಣಕಿತ್ತು.

ಕಂತಿನ ಗುರಿ ನಟ ಕ್ರಿಸ್ಟೋಫರ್ ರೀವ್. 1978ರ ಚಿತ್ರದಲ್ಲಿ ಸೂಪರ್‌ಮ್ಯಾನ್ ಆಗಿ ಮೆರೆದಿದ್ದ ಅವರು, 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಬಳಿಕ ಭ್ರೂಣದ ಆಕರಕೋಶ, ಅಂದರೆ ಸ್ಟೆಮ್ ಸೆಲ್ ಸಂಶೋಧನೆಯ ಪರ ದನಿ ಎತ್ತಿದರು. ಅಧ್ಯಕ್ಷ ಬುಷ್ 2001ರಲ್ಲಿ ಅದಕ್ಕೆ ಸರ್ಕಾರಿ ನೆರವನ್ನು ಮಿತಿಗೊಳಿಸಿದ್ದರಿಂದ ವಿವಾದ ಕಾವೇರಿತ್ತು. ಕಂತಿನಲ್ಲಿ ರೀವ್ ಭ್ರೂಣಗಳನ್ನೇ ಹೀರಿ ಬಲಿಷ್ಠ ಖಳನಾಯಕರಾಗುತ್ತಾರೆ. ಊರು ಅವರಿಗೆ ಜಯಕಾರ ಹಾಕುವಾಗ, ಹುಟ್ಟಿನಿಂದಲೇ ಅಂಗವಿಕಲರಾದ ಜಿಮ್ಮಿ ಮತ್ತು ಟಿಮ್ಮಿ ಎಂಬ ಬಾಲಕರತ್ತ ಯಾರೂ ತಿರುಗಿ ನೋಡುವುದಿಲ್ಲ.

ವಿಡಂಬನೆಯ ಮೊನೆ ಇರುವುದು ಇಲ್ಲಿಯೇ. ಎತ್ತರದಿಂದ ಬಿದ್ದವನ ದುಃಖ ಸುದ್ದಿಯಾಗುತ್ತದೆ. ಅದೇ ಸ್ಥಿತಿಯಲ್ಲಿ ಹುಟ್ಟಿ ಬೆಳೆದವನ ಬದುಕು ಸುದ್ದಿಯಾಗುವುದಿಲ್ಲ. ಅಮೆರಿಕದ ಹಲವು ಅಂಗವಿಕಲ ಹೋರಾಟಗಾರರ ಆಕ್ಷೇಪವೂ ಇದಕ್ಕೆ ಹತ್ತಿರವಿತ್ತು. ಮರಳಿ ನಡೆಯುವ ಕನಸೇ ಮುನ್ನೆಲೆಗೆ ಬಂದರೆ ಗಾಲಿಕುರ್ಚಿಯ ಇಳಿಜಾರು ದಾರಿ, ಉದ್ಯೋಗ, 1990ರ ಅಂಗವಿಕಲರ ಕಾಯ್ದೆಯ ಜಾರಿ ಹಿಂದೆ ಸರಿಯುತ್ತವೆ ಎಂಬುದು ಅವರ ಆತಂಕ.

ಆದರೆ ಕಂತು ರೀವ್ ಅವರಿಗೆ ನ್ಯಾಯ ಒದಗಿಸಲಿಲ್ಲ. ಅವರ ಪ್ರತಿಷ್ಠಾನ ಸಂಶೋಧನೆಗಷ್ಟೇ ಅಲ್ಲ, ಸ್ವಾಧೀನ ಕಳೆದುಕೊಂಡವರ ನಿತ್ಯಜೀವನದ ಸೌಕರ್ಯಕ್ಕೂ ಹಣ ನೀಡುತ್ತಿತ್ತು. 2004ರಲ್ಲಿ ಅವರು ತೀರಿಕೊಂಡರು. ಬುಷ್ ಹೇರಿದ್ದ ನಿರ್ಬಂಧವನ್ನು 2009ರಲ್ಲಿ ಒಬಾಮ ತೆರವುಗೊಳಿಸಿದರು.

ತಾರೆಯ ದನಿಯನ್ನು ಸರ್ಕಾರಗಳು ಆಲಿಸುತ್ತವೆ. ಅದರ ಭರದಲ್ಲಿ ಜಿಮ್ಮಿ, ಟಿಮ್ಮಿಯರ ಮಾತು ಅಡಗಿಹೋಗಬಾರದು ಎಂಬ ಎಚ್ಚರವನ್ನು ಈ ಒರಟು ಹಾಸ್ಯ ನೀಡಿತು.