ಅಣೆಕಟ್ಟಿನ ಗೇಟು ಸುದ್ದಿಯಾಯಿತು, ಊರ ವಾಲ್ವ್ ಆಗಲಿಲ್ಲ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟ್ ಸರಪಳಿ ಕಡಿದು ಕೊಚ್ಚಿಹೋದಾಗ ಅನಂತಪುರ ಸೀಮೆಯವರಾದ ನಾವು ಕಂಗಾಲಾದೆವು. ಮೇಲ್ಮಟ್ಟದ ಕಾಲುವೆಯಿಂದ ನಮಗೆ ಬರುವ ನೀರಿಗೆ ಆ ಅಣೆಕಟ್ಟೇ ಮೂಲ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿತು, ಜನ ನಿಟ್ಟುಸಿರು ಬಿಟ್ಟರು. ಆದರೆ ಅದೇ ಕೆಲಸವನ್ನು ಮಾಡುವ ಸಣ್ಣ ಬಾಗಿಲುಗಳು ನಮ್ಮ ರಸ್ತೆಗಳ ಅಡಿಯಲ್ಲಿ ಹೂತುಹೋಗಿವೆ. ಅವು ಕೆಟ್ಟರೆ ಯಾವ ಸಚಿವರೂ ಬರುವುದಿಲ್ಲ.

ಹಂದ್ರಿ-ನೀವಾ ಯೋಜನೆಯ ಗೊಲ್ಲಪಲ್ಲಿ ಜಲಾಶಯದಿಂದ ಹಿಂದೂಪುರಕ್ಕೆ ಪೈಪ್‌ಲೈನ್ ಬಂದಿದೆ. ಕಲ್ಯಾಣದುರ್ಗದ ಸುತ್ತಲಿನ ಹಳ್ಳಿಗಳೂ ದೂರದ ನೀರನ್ನೇ ನಂಬಿವೆ. ನೆಲ ಏರಿಳಿತದ್ದು. ಏರಿನ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಪಂಪು ಎಷ್ಟೇ ದುಡಿದರೂ ಕೊನೆಯ ಊರಿಗೆ ನೀರು ತಲುಪದು. ಆ ಗಾಳಿಯನ್ನು ಹೊರಬಿಡಲೆಂದೇ ಏರ್ ವಾಲ್ವ್ ಇರುವುದು. ಬೇಸಿಗೆಯಲ್ಲಿ ಅದನ್ನು ಸಡಿಲಿಸಿ ಬಿಂದಿಗೆ ತುಂಬಿಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ, ದೂರುವುದೂ ಕಷ್ಟ. ಆದರೆ ಪಂಪು ನಿಂತೊಡನೆ ಕೊಳವೆ ಒಳಕ್ಕೆಳೆಯುತ್ತದೆ, ಗುಂಡಿಯ ಕೊಳಕು ನೀರು ಅದೇ ದಾರಿಯಿಂದ ಒಳಸೇರುತ್ತದೆ.

ಇನ್ನು ನಿತ್ಯದ ತಪ್ಪು ಸ್ಲೂಯಿಸ್ ವಾಲ್ವಿನದು. ಅದು ಪೂರ್ತಿ ತೆರೆಯಲು ಅಥವಾ ಪೂರ್ತಿ ಮುಚ್ಚಲು ಮಾಡಿದ್ದು. ಎರಡು ಊರಿಗೆ ನೀರು ಹಂಚಲೆಂದು ಅದನ್ನು ಅರ್ಧ ತೆರೆದಿಟ್ಟರೆ ನೀರಿನ ರಭಸಕ್ಕೆ ಒಳಗಿನ ಬಾಗಿಲು ಅದುರಿ ಸವೆಯುತ್ತದೆ. ಮುಂದೆ ಪೂರ್ತಿ ಮುಚ್ಚಲೂ ಆಗದು. ಹರಿವನ್ನು ಹದಗೊಳಿಸಲು ಬೇರೆ ಬಗೆಯೇ ಬೇಕು: ಸಣ್ಣ ಕೊಳವೆಗೆ ಗ್ಲೋಬ್, ದೊಡ್ಡದಕ್ಕೆ ಮಿತಿಯೊಳಗೆ ಬಟರ್‌ಫ್ಲೈ. ವಾಲ್ವಿನ ಮೈಮೇಲೆ ಅಚ್ಚಾಗಿರುವ ಪಿಎನ್ 10 ಎಂಬ ಗುರುತಿನ ಅರ್ಥ ಸುಮಾರು 100 ಮೀಟರ್ ಎತ್ತರದ ನೀರಿನ ಭಾರವನ್ನು ಅದು ತಾಳಬಲ್ಲದು ಎಂದು. ಹಳ್ಳಕ್ಕಿಳಿಯುವ ಸಾಲಿನಲ್ಲಿ ಅದು ಸಾಲದಿರಬಹುದು. ಕರೆಂಟು ಹೋದಾಗ ಹಿಂದಿರುಗುವ ನೀರಿನ ಹೊಡೆತ ಬೇರೆ.

ಹೆಸರಿನಲ್ಲೇ ತೂಬು ಕೇಳಿಸುವ ತೂಮುಕುಂಟದಲ್ಲಿ, ಹಿಂದೂಪುರದ ಪಕ್ಕದಲ್ಲೇ, ಕಾರ್ಖಾನೆಗಳ ಸಾಲಿದೆ. ಯಾವ ಕಾರ್ಖಾನೆಯಾದರೂ ಹಬೆಗೊಂದು, ಆಮ್ಲಕ್ಕೊಂದು, ನೀರಿಗೊಂದು ಎಂದು ವಾಲ್ವ್ ಆರಿಸುತ್ತದೆ. ಒತ್ತಡ, ಶಾಖ, ದಿನಕ್ಕೆಷ್ಟು ಸಲ ತಿರುಗಿಸಬೇಕು, ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಅಲ್ಲಿ ತಪ್ಪಿದರೆ ನಷ್ಟ ಅಂದೇ ಮಾಲೀಕನ ಖಾತೆಗೆ. ಹಳ್ಳಿಯ ಸಾಲಿನಲ್ಲಿ ತಪ್ಪಿದರೆ ನಷ್ಟ ಕೊಡ ಹಿಡಿದು ನಿಂತವರದು. ಅದು ಯಾವ ಖಾತೆಗೂ ಏರುವುದಿಲ್ಲ. ಟೆಂಡರಿನಲ್ಲಿ ಅಗ್ಗದ ವಾಲ್ವ್ ಗೆಲ್ಲುವುದಕ್ಕೆ ಇದೇ ಕಾರಣವೆಂದು ನಾವು ಭಾವಿಸುತ್ತೇವೆ.

ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನವು ಕೆರೆಯ ದೋಷಗಳನ್ನು ಎಣಿಸುವಾಗ ಎರಡು ರಾಜ್ಯಗಳ ಗಡಿಯಲ್ಲಿರುವುದನ್ನೂ ಒಂದು ದೋಷವೆಂದಿದೆ. ಒಳನಾಡಿನಿಂದ ಬರುವ ಕೊಳವೆಯ ತುದಿಯಲ್ಲಿರುವ ಗಡಿಯ ಊರಿಗೆ ಆ ಮಾತು ಹೊಸದಲ್ಲ. ಕನ್ನಡ ಶಾಲೆಗಳಿರುವುದೂ ಅಂಥ ಊರುಗಳಲ್ಲೇ. ನಲ್ಲಿ ಒಣಗಿದ ದಿನ ಶಾಲೆ ಮರಳುವುದು ಕೊಳವೆಬಾವಿಗೆ, ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುವ ಫ್ಲೋರೈಡ್ ಈ ಸೀಮೆಯ ಅಂತರ್ಜಲದ ಹಳೆಯ ಪಿಡುಗು. ಮಕ್ಕಳ ಹಲ್ಲಿನ ಕಂದುಗೆರೆ ಅದರ ಗುರುತು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರಿನ ಭರವಸೆಯಿತ್ತಿತು. 2025ರ ಬಜೆಟ್ ಅದರ ಅವಧಿಯನ್ನು 2028ರವರೆಗೆ ವಿಸ್ತರಿಸಿದೆ. ಅದರ ನಿಯಮದಂತೆ ಗ್ರಾಮದ ನೀರು ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ತಾಯಂದಿರು ಅಲ್ಲಿ ಕುಳಿತು, ಕಾಮಗಾರಿಯನ್ನು ಊರಿಗೆ ವಹಿಸಿಕೊಳ್ಳುವ ಮೊದಲೇ ಕೇಳಲಿ: ಸ್ಲೂಯಿಸ್ ವಾಲ್ವಿಗೆ ಐಎಸ್ 14846ರ ಗುರುತಿದೆಯೇ? ನಮ್ಮೂರಿಗೆ ನೀರು ತಿರುಗಿಸುವ ವಾಲ್ವ್ ಯಾವುದು, ಅದರ ಕೀಲಿ ಯಾರ ಕೈಯಲ್ಲಿದೆ? ಏರ್ ವಾಲ್ವಿನ ಗುಂಡಿಗೆ ಮುಚ್ಚಳ ಹಾಕಿಸುವುದು ಎಂದು?