ಫೋಟೊ ಬಂತು, ಲೆಕ್ಕ ಎಲ್ಲಿ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯವರು ಫಾರಿನ್‌ಗೆ ಹೋಗುವುದೆಂದರೆ ಮೊದಲಿನಿಂದಲೂ ಸೌದಿ, ದುಬೈ, ಕುವೈತ್. ಹೋದವರು ದುಡಿಯಲು ಹೋಗುತ್ತಿದ್ದರು. ಈಗ ಒಬ್ಬಿಬ್ಬರು ಓದಲು ಯುರೋಪಿಗೂ ಹೋಗುತ್ತಿದ್ದಾರೆ. ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ರಜೆಗೆ ಪ್ರಾಗ್ ನಗರದ ಸೇತುವೆ, ಇನ್ನೊಂದು ರಜೆಗೆ ವಿಯೆನ್ನಾದ ಅರಮನೆ. ಅದನ್ನು ನೋಡಿದ ಹಿರಿಯರು ಮನೆಮಾತಿನಲ್ಲಿ ಕೇಳುವುದು ಒಂದೇ: "ಪಢ್ನೆಕು ಗಯಾ ಕಿ ಫಿರ್ನೆಕು ಗಯಾ?" ಓದಲು ಹೋದನೋ, ತಿರುಗಲು ಹೋದನೋ ಎಂದು. ನಮ್ಮ ವಯಸ್ಸಿನವರು ಅದೇ ಫೋಟೊಗೆ ಹಾರ್ಟ್ ಒತ್ತಿ, ನಾವೂ ಹೋಗಬೇಕು ಅನ್ನುತ್ತೇವೆ. ನನ್ನ ಅಭಿಪ್ರಾಯದಲ್ಲಿ ಎರಡೂ ಅವಸರದ ಮಾತು. ಎಲ್ಲರೂ ನೋಡಿರುವುದು ಫೋಟೊ ಮಾತ್ರ, ಲೆಕ್ಕ ನೋಡಿಲ್ಲ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಆದ್ದರಿಂದ ಲೆಕ್ಕ ಕೇಳಿದೆ.

ನಮ್ಮ ಬಡೇ ಅಬ್ಬಾನ ಮಗ ಜರ್ಮನಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾರೆ. ನಾನು ಭಯ್ಯಾ ಎಂದೇ ಕರೆಯುವುದು. 2025ರಲ್ಲಿ ಅವರು ಮೂವರು ಗೆಳೆಯರ ಜೊತೆ, ಒಬ್ಬ ಮಲಯಾಳಿ, ಒಬ್ಬ ಹೈದರಾಬಾದಿ, ಒಬ್ಬ ಟರ್ಕಿಯವನು, ಐದು ದಿನ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ನೋಡಿ ಬಂದರು. ಖರ್ಚು ಎಷ್ಟಾಯಿತು ಎಂದು ಕೇಳಿದ್ದಕ್ಕೆ ಒಂದು ಹಾಳೆ ಬರೆದು ಕಳಿಸಿದರು. ಬಸ್ಸಿಗೆ 84 ಯೂರೋ, ಮೂರು ರಾತ್ರಿ ಮಲಗಲು 66, ಊಟಕ್ಕೆ 40, ಊರೊಳಗಿನ ಟಿಕೆಟ್ ಇತ್ಯಾದಿ 20. ಒಟ್ಟು 210. ಯೂರೋಗೆ ಸುಮಾರು ನೂರು ರೂಪಾಯಿ ಹಿಡಿದರೆ 21,000. ಮಲಗಿದ್ದು ಎಂಟು ಜನರ ಕೋಣೆಯಲ್ಲಿ, ಒಂದರ ಮೇಲೊಂದು ಮಂಚ. ಹೋಗುವಾಗಿನ ರಾತ್ರಿ ಬಸ್ಸಿನಲ್ಲೇ ಕಳೆದರು. ಮೊದಲ ಎರಡು ದಿನ ರೂಮಿನಲ್ಲೇ ಮಾಡಿಕೊಂಡು ಹೋದ ಚಪಾತಿ, ಉಪ್ಪಿನಕಾಯಿ. ಆಮೇಲೆ ಹಲಾಲ್ ಸಿಗುವ ಟರ್ಕಿಯವರ ಅಂಗಡಿ ಹುಡುಕಿದ್ದಾರೆ. ಇದಾವುದೂ ಸ್ಟೇಟಸ್‌ನಲ್ಲಿ ಇರಲಿಲ್ಲ.

ಜರ್ಮನಿಯಲ್ಲಿ 2025ರ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಹೊರದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು. 210ನ್ನು 12.82ರಿಂದ ಭಾಗಿಸಿ ನೋಡಿ, ಹದಿನೇಳು ಗಂಟೆಯೂ ಆಗುವುದಿಲ್ಲ. ಭಯ್ಯಾ ಶನಿವಾರ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುತ್ತಾರೆ. ಅಲ್ಲಿನ ಎರಡು ದಿನದ ದುಡಿಮೆಗಿಂತ ಸ್ವಲ್ಪ ಹೆಚ್ಚು ಹಣದಲ್ಲಿ ಮೂರು ದೇಶ ನೋಡಿದ್ದಾರೆ. ಬಡೇ ಅಬ್ಬಾನ ಒಂದು ರೂಪಾಯಿಯೂ ಅದಕ್ಕೆ ಹೋಗಿಲ್ಲ.

ಹಾಗಾದರೆ ಬಡೇ ಅಬ್ಬಾ ಸೈಟು ಮಾರಿದ್ದು ಯಾಕೆ? ಅದು ಬೇರೆ ಲೆಕ್ಕ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಒಂದು ವರ್ಷ ಬದುಕಲು ಬೇಕಾದ ಹಣ ನಿಮ್ಮ ಹತ್ತಿರ ಇದೆ ಎಂದು ವೀಸಾಗೆ ಮೊದಲೇ ತೋರಿಸಬೇಕು. ಅದಕ್ಕೆ ಹೆಚ್ಚಿನವರು ಬ್ಲಾಕ್ಡ್ ಅಕೌಂಟ್ ತೆರೆಯುತ್ತಾರೆ. 11,904 ಯೂರೋ ಕಟ್ಟಬೇಕು, ಅದರಿಂದ ತಿಂಗಳಿಗೆ 992 ಮಾತ್ರ ಕೈಗೆ ಬರುತ್ತದೆ. ನಮ್ಮ ಹಣದಲ್ಲಿ ಹನ್ನೆರಡು ಲಕ್ಷದ ಹತ್ತಿರ. ಪ್ರವಾಸದ 21,000 ಇದರಲ್ಲಿ ಶೇಕಡ ಎರಡೂ ಆಗುವುದಿಲ್ಲ. ಓಣಿಯವರು ಬೈಯುವುದು ಆ ಎರಡನ್ನು, ಉಳಿದ ತೊಂಬತ್ತೆಂಟರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮಾತಾಡದೆ ಇರುವುದರಿಂದ ಲಾಭ ಏಜೆಂಟರಿಗೆ. ಅವರು ತೋರಿಸುವುದೂ ಇದೇ ಸೇತುವೆ, ಇದೇ ಅರಮನೆ. ಪಿಯುಸಿ ಒಂದನ್ನೇ ಮುಗಿಸಿದವರಿಗೆ ಜರ್ಮನಿಯ ಪದವಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ, ಇಲ್ಲಿ ಒಂದು ವರ್ಷವಾದರೂ ಪದವಿ ಓದಿರಬೇಕು ಅಥವಾ ಅಲ್ಲಿ ಪೂರ್ವಸಿದ್ಧತಾ ಕೋರ್ಸ್ ಮುಗಿಸಬೇಕು ಎಂಬುದನ್ನು ಯಾವ ಬ್ಯಾನರ್‌ನಲ್ಲೂ ದೊಡ್ಡ ಅಕ್ಷರದಲ್ಲಿ ಬರೆದಿರುವುದಿಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ಓದಿನ ಸಾಲಕ್ಕೆ ಬಡ್ಡಿ ಸಹಾಯ ಕೊಡುತ್ತಿದ್ದ ಕೇಂದ್ರದ ಪಢೋ ಪರದೇಶ್ ಯೋಜನೆ 2022-23ರಿಂದ ನಿಂತುಹೋಗಿದೆ. ಇನ್ನೂ ಇದೆ ಎಂದು ನಂಬಿಕೊಂಡಿರುವವರು ನಮ್ಮ ತರಗತಿಯಲ್ಲೇ ಇದ್ದಾರೆ.

ತಿರುಗುವುದರ ಬಗ್ಗೆಯೂ ಹೇಳಬೇಕು. ಅಲ್ಲಿ ತಿರುಗುವುದು ಓದಿನ ಹೊರಗಿನ ಚಟವಲ್ಲ. 1985ರಲ್ಲಿ ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಸಣ್ಣ ಹಳ್ಳಿಯ ಹತ್ತಿರ, ಹೊಳೆಯಲ್ಲಿ ನಿಂತ ಹಡಗಿನಲ್ಲಿ ಐದು ದೇಶಗಳು ಗಡಿ ತಪಾಸಣೆ ತೆಗೆಯಲು ಸಹಿ ಹಾಕಿದವು. ಈಗ ಅದರಲ್ಲಿ 29 ದೇಶಗಳಿವೆ. ಒಂದು ದೇಶದಲ್ಲಿ ಓದುವ ಕಾರ್ಡ್ ಇದ್ದರೆ ಉಳಿದ ದೇಶಗಳಿಗೆ 180 ದಿನದಲ್ಲಿ 90 ದಿನದವರೆಗೆ ಬೇರೆ ವೀಸಾ ಇಲ್ಲದೆ ಹೋಗಿ ಬರಬಹುದು. (ನಮ್ಮ ಹರಪನಹಳ್ಳಿಯವರು ಕೂತಲ್ಲೇ ಬಳ್ಳಾರಿಯಿಂದ ದಾವಣಗೆರೆ, ಮತ್ತೆ ಬಳ್ಳಾರಿ, ಆಮೇಲೆ ವಿಜಯನಗರ ಜಿಲ್ಲೆಗೆ ಹೋಗಿದ್ದಾರೆ, ಅವರಿಗೆ ಗಡಿಯ ವಿಷಯ ಹೇಳಿಕೊಡಬೇಕಿಲ್ಲ.) ಎರಾಸ್ಮಸ್ ಮುಂಡಸ್ ಎಂಬ ವಿದ್ಯಾರ್ಥಿವೇತನದಲ್ಲಂತೂ ಕನಿಷ್ಠ ಎರಡು ದೇಶಗಳಲ್ಲಿ ಓದಲೇಬೇಕು, ತಿಂಗಳಿಗೆ 1,400 ಯೂರೋ ಕೊಡುತ್ತಾರೆ. ಅರ್ಥಶಾಸ್ತ್ರದಲ್ಲೂ ಅಂಥ ಕೋರ್ಸ್‌ಗಳಿವೆ. ಊರೂರು ತಿರುಗಲಿ ಎಂದು ಅವರೇ ದುಡ್ಡು ಕೊಡುವಾಗ ನಾವು ಯಾಕೆ ಬೈಯಬೇಕು?

ಭಯ್ಯಾ ಕಳಿಸಿದ ಫೋಟೊಗಳಲ್ಲಿ ನನಗೆ ಇಷ್ಟವಾದದ್ದು ಅರಮನೆ ಅಲ್ಲ. ಬುಡಾಪೆಸ್ಟ್‌ನ ಗುಡ್ಡದ ಮೇಲೆ ಗುಲ್ ಬಾಬಾ ಎಂಬ ದರ್ವೇಶಿಯ ದರ್ಗಾ ಇದೆ. 1541ರಲ್ಲಿ ಉಸ್ಮಾನಿ ತುರ್ಕರ ಸೈನ್ಯದ ಜೊತೆ ಬಂದು ಅಲ್ಲೇ ತೀರಿಕೊಂಡವರು. ಸುತ್ತ ಗುಲಾಬಿ ತೋಟ. ಯುರೋಪಿನ ನಡುವೆ ಹೂವಿನ ಹೆಸರಿನ ಬಾಬಾ ಇದ್ದಾರೆ ಎಂದು ಅಮ್ಮಿಗೆ ಹೇಳಿದರೆ ಅವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಎಷ್ಟೋ ಹೊತ್ತು ನೋಡಿದರು. ಭಯ್ಯಾಗೆ ಅಲ್ಲಿಗೆ ದಾರಿ ತೋರಿಸಿದ್ದು ಟರ್ಕಿಯ ಆ ಗೆಳೆಯ. ಜೊತೆಗಾರರು ಇರುವುದರ ಉಪಯೋಗ ಇದು.

ಆದರೆ ಇಂಥದ್ದನ್ನು ಬರೆದು ತಿಳಿಸುವವರು ಕಡಿಮೆ. ಹಡಗಲಿ ತಾಲ್ಲೂಕಿನ ಮೈಲಾರದಿಂದ ಹೊಳೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿನ ಸವಣೂರಿನ ವಿ.ಕೃ. ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಓದಿದರು. ಹೋಗಿ ಬಂದದ್ದನ್ನು 'ಸಮುದ್ರದಾಚೆಯಿಂದ' ಎಂದು ಪುಸ್ತಕ ಮಾಡಿದರು, ಹಡಗಿನ ಪ್ರಯಾಣದಿಂದ 'ಸಮುದ್ರ ಗೀತೆಗಳು' ಹುಟ್ಟಿದವು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುವಾಗ ಸ್ವೀಡನ್ನಿನ ಒಂದು ಸಿನಿಮಾ ನೋಡಿ 'ಸಂಸ್ಕಾರ' ಬರೆದರು. ಎಲ್ಲರೂ ಕಾದಂಬರಿ ಬರೆಯಬೇಕಿಲ್ಲ, ಎರಡು ಪುಟ ಸಾಕು. ಇತಿಹಾಸ ಪಾಠದಲ್ಲಿ ಅಬ್ದುಲ್ ರಜಾಕ್, ಪೇಸ್, ನ್ಯೂನಿಜ್ ಹೆಸರನ್ನು ಬಾಯಿಪಾಠ ಮಾಡುತ್ತೇವೆ. ಹೊರಗಿನಿಂದ ನಮ್ಮ ಹಂಪಿಗೆ ಬಂದ ಅವರು ಬಜಾರಿನಲ್ಲಿ ಏನು ಮಾರುತ್ತಿದ್ದರು ಎಂದು ಬರೆದಿಟ್ಟಿದ್ದರಿಂದ ತಾನೆ?

ಇಷ್ಟೂ ಹುಡುಗರ ಲೆಕ್ಕ. ಹುಡುಗಿಯರ ವಿಷಯದಲ್ಲಿ ಮಾತು ಲೆಕ್ಕದವರೆಗೂ ಹೋಗುವುದಿಲ್ಲ. ಮೆಹ್ರಮ್ ಇಲ್ಲದೆ ಹೇಗೆ ಎಂದು ಕೇಳುತ್ತಾರೆ. ಆ ಬಗ್ಗೆ ಹೇಳುವಷ್ಟು ಇಲ್ಮ್ ನನಗಿಲ್ಲ, ಬಲ್ಲವರು ಹೇಳಲಿ. ಆದರೆ ಹೊಸಪೇಟೆಯ ಡಿಗ್ರಿ ಕಾಲೇಜಿಗೂ, ದಾವಣಗೆರೆಯ ಹಾಸ್ಟೆಲಿಗೂ ಇದೇ ಉತ್ತರ ಬಂದರೆ ಅದು ಬೇರೆ ಏನೋ ಕಾರಣ ಎಂದು ನನಗನಿಸುತ್ತದೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ, 1325ರಲ್ಲಿ ಮನೆ ಬಿಟ್ಟು ಹೊರಟ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆ ಎಂದು ಬರೆದಿದ್ದಾರೆ. ಏಳುನೂರು ವರ್ಷದ ಹಿಂದೆ! 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಓಣಿಯ ಹೆಂಗಸರೇ ನಾಲ್ಕೈದು ಜನ ಸೇರಿ ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೋಗಿ ಬಂದರು. ಅಷ್ಟು ವರ್ಷ ಹೋಗದೆ ಇದ್ದದ್ದು ಟಿಕೆಟ್ಟಿನ ದುಡ್ಡಿಗೆ, ಹೆದರಿಕೆಗಲ್ಲ. ಅಬ್ಬಾಗೆ ಇದನ್ನೇ ಹೇಳಿದೆ. "ಮೊದಲು ಸೆಕೆಂಡ್ ಪಿಯುಸಿ ಪಾಸಾಗು, ಆಮೇಲೆ ಹೊಸಪೇಟೆಯ ಮಾತು" ಅಂದಿದ್ದಾರೆ. ಬೇಡ ಅಂದಿಲ್ಲ.

ನಮ್ಮ ಕಾಲೇಜಿನಿಂದ ಹೋಗಿ ಹೊರಗೆ ಓದುತ್ತಿರುವ ಅಣ್ಣ ಅಕ್ಕಂದಿರಲ್ಲಿ ಒಂದು ಅರಿಕೆ. ಬೆಂಗಳೂರಾಗಲಿ, ಮಂಗಳೂರಾಗಲಿ, ಜರ್ಮನಿಯಾಗಲಿ, ಫೋಟೊ ಹಾಕಿ, ಜೊತೆಗೆ ಸೀಟು, ಸಾಲ, ರೂಮು, ಊಟದ ಲೆಕ್ಕವನ್ನೂ ಈ ಪತ್ರಿಕೆಗೆ ಕಳಿಸಿ. ಭಯ್ಯಾನ ಹಾಳೆಯನ್ನು ಅವರ ಒಪ್ಪಿಗೆ ಪಡೆದು, ಹೆಸರು ತೆಗೆದು, ಝೆರಾಕ್ಸ್ ಮಾಡಿಸಿ ಲೈಬ್ರರಿಯಲ್ಲಿ ಕೊಟ್ಟಿದ್ದೇನೆ. ಬೇಕಾದವರು ಕೇಳಿ ನೋಡಬಹುದು.